ರೋಡ್ಸ್ ಬೌಲರೋ, ಬ್ಯಾಟ್ಸ್‌ಮನ್ನೋ?

ಗೆಳೆಯರೇ, ಬೌಲಿಂಗ್ ಹೆಚ್ಚೋ ಬ್ಯಾಟಿಂಗ್ ಹೆಚ್ಚೋ ಅಂತ ಜಗಳ ಆಡ್ತೀರಲ್ಲ, ವಿಲ್ಫ್ರೆಡ್ ರೋಡ್ಸ್ ಅವರನ್ನು ಯಾವ ಕಡೆ ಸೇರಿಸ್ತೀರಿ? ಇವರು 1877ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಹುಟ್ಟಿದರು. ಎಡಗೈ ಸ್ಪಿನ್ನರ್. 1903ರ ಸಿಡ್ನಿ ಟೆಸ್ಟಿನಲ್ಲಿ ಬ್ಯಾಟಿಂಗಿಗೆ ಇಳಿದದ್ದು ಕಟ್ಟಕಡೆಗೆ, 11ನೆಯವರಾಗಿ! ಆದರೂ ಫಾಸ್ಟರ್ ಜೊತೆ 130 ರನ್ ಸೇರಿಸಿದರು. ಆಮೇಲೆ ಮೆಟ್ಟಿಲು ಹತ್ತಿದ ಹಾಗೆ ಮೇಲೆ ಬಂದು, 1912ರಲ್ಲಿ ಮೆಲ್ಬೋರ್ನಿನಲ್ಲಿ ಹಾಬ್ಸ್ ಜೊತೆ ಮೊದಲ ವಿಕೆಟ್ಟಿಗೇ 323 ರನ್ ಕೂಡಿಸಿದರು. ಬೌಲಿಂಗ್ ಮೂಲೆ ಸೇರಿತ್ತು.

ಮೊದಲ ಮಹಾಯುದ್ಧ ಮುಗಿದಾಗ ಯಾರ್ಕ್‌ಷೈರ್ ತಂಡಕ್ಕೆ ಬೌಲರ್ ಬೇಕಾಯ್ತು. ಮತ್ತೆ ಚೆಂಡು ಹಿಡಿದರು. 1926ರಲ್ಲಿ, 48ನೇ ವಯಸ್ಸಿನಲ್ಲಿ, ಓವಲ್ ಟೆಸ್ಟಿಗೆ ಕರೆ ಬಂತು. (ನಮ್ಮೂರಲ್ಲಾದರೆ ತಾತ ಅಂತಿದ್ರು!) 44 ರನ್ನಿಗೆ 4 ವಿಕೆಟ್ ಕಿತ್ತರು, ಆಸ್ಟ್ರೇಲಿಯಾ ಸೋತಿತು. ಪ್ರಥಮ ದರ್ಜೆಯಲ್ಲಿ ಇವರ ವಿಕೆಟ್ 4204; ಅಷ್ಟು ಇವತ್ತಿಗೂ ಬೇರೆ ಯಾರಿಗೂ ಇಲ್ಲ. ರನ್ನೂ 39 ಸಾವಿರ ದಾಟಿದೆ.

ಮುಪ್ಪಿನಲ್ಲಿ ಕಣ್ಣು ಹೋಯಿತು. ಆದರೂ ಮೈದಾನಕ್ಕೆ ಹೋಗಿ, ಬ್ಯಾಟಿನ ಸದ್ದು ಕೇಳಿಯೇ ಆಟ ತಿಳೀತಿದ್ದರು. 1973ರಲ್ಲಿ ತೀರಿಕೊಂಡರು.