ಮರಳಿ ಹೋಗದ ಅತಿಥಿ

ಹೊರನಾಡಿನಲ್ಲಿ ದುಡಿಯುವ ಒಬ್ಬ ಮಗನೋ ಮಗಳೋ ಇಲ್ಲದ ಕ್ರೈಸ್ತ ಮನೆ ನಮ್ಮ ಕರಾವಳಿಯಲ್ಲಿ ಅಪರೂಪ. ದಾದಿಯರಾಗಿ ದೂರದೇಶಗಳ ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸುತ್ತಿರುವ ನಮ್ಮ ಹೆಣ್ಣುಮಕ್ಕಳೂ ಅನೇಕರು. ಅವರನ್ನು ಬೀಳ್ಕೊಡುವಾಗ ಹೆತ್ತವರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಮರಳಿ ಬರುವುದು ಯಾವಾಗ? ಬೇಗನೆ ಬರುವೆನೆಂಬ ನಂಬಿಕೆಯಿಂದಲೇ ಹೊರಟು, ಕಡೆಗೆ ಆ ಮರಳುವಿಕೆಯನ್ನೇ ದೇವರಿಗೆ ಕಾಣಿಕೆಯಾಗಿ ಒಪ್ಪಿಸಿದ ಧರ್ಮಭಗಿನಿಯೊಬ್ಬರನ್ನು ಈ ವಾರ ಸ್ಮರಿಸೋಣ. ಅವರೇ ಮೊಲೊಕಾಯಿ ದ್ವೀಪದ ಸಂತ ಮರಿಯಾನ್ ಕೋಪ್.

ಅವರು ಜನಿಸಿದ್ದು 1838ರ ಜನವರಿ 23ರಂದು, ಜರ್ಮನಿಯ ಹೆಪ್ಪೆನ್‌ಹೈಮ್ ಎಂಬ ಊರಿನಲ್ಲಿ. ಜ್ಞಾನಸ್ನಾನದ ಹೆಸರು ಬಾರ್ಬರಾ. ಮನೆತನದ ಹೆಸರು ಕೋಬ್. ಮಗು ಇನ್ನೂ ಎಳೆಯದಾಗಿರುವಾಗಲೇ ಕುಟುಂಬವು ಅಮೆರಿಕಕ್ಕೆ ವಲಸೆ ಹೋಗಿ, ನ್ಯೂಯಾರ್ಕ್ ರಾಜ್ಯದ ಯುಟಿಕಾ ನಗರದಲ್ಲಿ ನೆಲೆಸಿತು. ಅಲ್ಲಿ ಕೋಬ್ ಎಂಬುದು ಕೋಪ್ ಆಯಿತು. ತಂದೆ ಕಾಯಿಲೆ ಬಿದ್ದಾಗ ಬಾಲೆಯು ಎಂಟನೆಯ ತರಗತಿಗೇ ಶಾಲೆ ಬಿಟ್ಟು ಕಾರ್ಖಾನೆಯ ದುಡಿಮೆಗೆ ಸೇರಬೇಕಾಯಿತು. ಸನ್ಯಾಸ ಜೀವನದ ಕರೆ ಎಳವೆಯಲ್ಲೇ ಕೇಳಿಸಿದ್ದರೂ, ಮನೆಯ ಹೊಣೆ ಹಗುರಾಗುವ ತನಕ ಆಕೆ ಕಾದರು. 1862ರಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ, ತಮ್ಮ 24ನೆಯ ವಯಸ್ಸಿನಲ್ಲಿ, ಸಿರಾಕ್ಯೂಸ್ ನಗರದ ಸಂತ ಫ್ರಾನ್ಸಿಸರ ಭಗಿನಿಯರ ಸಭೆಯನ್ನು ಸೇರಿ ಮರಿಯಾನ್ ಎಂಬ ಹೆಸರನ್ನು ಪಡೆದರು.

ಶಿಕ್ಷಕಿಯಾಗಿ ಸೇವೆ ಆರಂಭಿಸಿದ ಅವರನ್ನು ದೈವಸಂಕಲ್ಪವು ರೋಗಿಗಳ ಬಳಿಗೆ ಕೊಂಡೊಯ್ದಿತು. 1869ರಲ್ಲಿ ಆರಂಭವಾದ ಸಿರಾಕ್ಯೂಸ್‌ನ ಸಂತ ಜೋಸೆಫರ ಆಸ್ಪತ್ರೆಯ ಆಡಳಿತವನ್ನು ಮರುವರ್ಷ ವಹಿಸಿಕೊಂಡ ಅವರು ಜಾತಿ, ಬಣ್ಣ, ಮತಗಳ ಭೇದವೆಣಿಸದೆ ರೋಗಿಗಳನ್ನು ಸ್ವೀಕರಿಸಿದರು. ಬೇರೆಡೆ ಬಾಗಿಲು ಮುಚ್ಚಿಸಿಕೊಂಡ ಕುಡುಕರಿಗೂ ಅಲ್ಲಿ ಹಾಸಿಗೆಯಿತ್ತು. ವೈದ್ಯಕೀಯ ವಿದ್ಯಾರ್ಥಿಗಳಿಗೆ ಆಸ್ಪತ್ರೆಯಲ್ಲಿ ಕಲಿಯಲು ಅವಕಾಶ ಮಾಡಿಕೊಟ್ಟಾಗಲೂ, ವಿದ್ಯಾರ್ಥಿಗಳೆದುರು ತನ್ನನ್ನು ಪರೀಕ್ಷಿಸುವುದು ಬೇಡವೆನ್ನುವ ಹಕ್ಕು ರೋಗಿಗೆ ಇರಬೇಕೆಂದು ನಿಯಮ ಮಾಡಿದರು. ರೋಗಿಯು ಬಡವನಾದ ಮಾತ್ರಕ್ಕೆ ಪರರ ಕಲಿಕೆಗೆ ಒದಗುವ ವಸ್ತುವಾಗಲಾರ, ಆತ ದೇವರ ಪ್ರತಿರೂಪವಾದ ವ್ಯಕ್ತಿ ಎಂಬ ಅರಿವು ಆ ನಿಯಮದಲ್ಲಿತ್ತು. ಅವರ ಮುಂದಿನ ಬದುಕಿಗೆಲ್ಲ ಇದೇ ಬೀಜವಾಯಿತು.

1883ರಲ್ಲಿ, ಅವರು ತಮ್ಮ ಸಭೆಯ ಮಹಾಮಾತೆಯಾಗಿದ್ದಾಗ, ಶಾಂತಸಾಗರದ ಹವಾಯಿ ರಾಜ್ಯದಿಂದ ಒಂದು ಮನವಿ ಬಂತು. ಕುಷ್ಠರೋಗಿಗಳ ಶುಶ್ರೂಷೆಗೆ ಭಗಿನಿಯರು ಬೇಕೆಂದು ರಾಜ ಕಲಾಕೌವಾ ಬಯಸಿದ್ದರು. 50ಕ್ಕೂ ಹೆಚ್ಚು ಧಾರ್ಮಿಕ ಸಭೆಗಳು ಅದಾಗಲೇ ಆ ಕೋರಿಕೆಯನ್ನು ನಿರಾಕರಿಸಿದ್ದವು. ಮಾತೆ ಮರಿಯಾನ್ ಒಪ್ಪಿದರು. ಒಪ್ಪಿದ್ದು ಮಾತ್ರವಲ್ಲ, ಆರು ಮಂದಿ ಭಗಿನಿಯರೊಡನೆ ತಾವೇ ಹೊರಟು, ನವೆಂಬರ್ 8ರಂದು ಹೊನೊಲುಲುವಿನಲ್ಲಿ ಇಳಿದರು. ಭಗಿನಿಯರನ್ನು ಅಲ್ಲಿ ನೆಲೆಗೊಳಿಸಿ ತಾವು ಸಿರಾಕ್ಯೂಸ್‌ಗೆ ಹಿಂತಿರುಗುವುದು ಅವರ ಯೋಜನೆಯಾಗಿತ್ತು. ಆಗ ಅವರಿಗೆ 45 ವರ್ಷ.

ಕಾಕಾಆಕೋ ಎಂಬಲ್ಲಿದ್ದ ಆಸ್ಪತ್ರೆಯಲ್ಲಿ ಅವರು ಕಂಡದ್ದು ಕಿಕ್ಕಿರಿದ ಕೋಣೆಗಳನ್ನು, ಹೊಲಸನ್ನು, ತೊಳೆಯದ ವ್ರಣಗಳನ್ನು. ಇದೆಲ್ಲಕ್ಕಿಂತ ಘೋರವಾದದ್ದು ಸರ್ಕಾರ ನೇಮಿಸಿದ್ದ ಮೇಲ್ವಿಚಾರಕನು ರೋಗಿಗಳಿಗೆ ಕೊಡುತ್ತಿದ್ದ ಹಿಂಸೆ. ಭಗಿನಿಯರು ಮೊದಲು ಕೈಗೆತ್ತಿಕೊಂಡದ್ದು ಪೊರಕೆಯನ್ನು. ಮುಂದೆ ಮಾತೆಯವರು ಸರ್ಕಾರದ ಮುಂದೆ ಒಂದು ಷರತ್ತನ್ನಿಟ್ಟರು: ಆತನನ್ನು ತೆಗೆಯಬೇಕು, ಇಲ್ಲವೆ ಭಗಿನಿಯರು ಮರಳಿ ಹೋಗುವರು. ಆಸ್ಪತ್ರೆಯ ಪೂರ್ಣ ಹೊಣೆ ಅವರ ಕೈಸೇರಿತು. 1885ರಲ್ಲಿ ಕುಷ್ಠರೋಗಿಗಳ ಆರೋಗ್ಯವಂತ ಹೆಣ್ಣುಮಕ್ಕಳಿಗಾಗಿ ರಾಣಿ ಕಪಿಯೋಲಾನಿಯ ಹೆಸರಿನಲ್ಲಿ ಒಂದು ಆಶ್ರಯಧಾಮವೂ ತೆರೆಯಿತು. ಹೀಗೆ ಒಂದು ಕೆಲಸ ಮುಗಿಯುವಷ್ಟರಲ್ಲಿ ಮತ್ತೊಂದು ಎದುರಾಗಿ, ಹಿಂತಿರುಗುವ ದಿನ ದೂರ ಸರಿಯುತ್ತಲೇ ಹೋಯಿತು.

ಹವಾಯಿಯಲ್ಲಿ 1865ರಲ್ಲೇ ಜಾರಿಗೆ ಬಂದಿದ್ದ ಕಾನೂನಿನಂತೆ ಕುಷ್ಠರೋಗಿಗಳನ್ನು ಮೊಲೊಕಾಯಿ ದ್ವೀಪದ ಒಂಟಿ ಭೂಶಿರಕ್ಕೆ ಗಡೀಪಾರು ಮಾಡಲಾಗುತ್ತಿತ್ತು. ಒಂದು ಕಡೆ ಕಡಿದಾದ ಪರ್ವತದ ಗೋಡೆ, ಮೂರು ಕಡೆ ಕಡಲು. ಗಂಡನಿಂದ ಹೆಂಡತಿಯನ್ನು, ತಾಯಿಯಿಂದ ಮಗುವನ್ನು ಅಗಲಿಸುವ ಈ ರೋಗವನ್ನು ಹವಾಯಿಯ ಜನ ತಮ್ಮ ನುಡಿಯಲ್ಲಿ ಅಗಲಿಸುವ ಬೇನೆಯೆಂದೇ ಕರೆದರು. 1887ರಲ್ಲಿ ಅಧಿಕಾರಕ್ಕೆ ಬಂದ ಹೊಸ ಸರ್ಕಾರ ಈ ಕಾನೂನನ್ನು ಮತ್ತಷ್ಟು ಬಿಗಿಗೊಳಿಸಿ, ಅಲ್ಲಿನ ಹೆಂಗಸರು ಮತ್ತು ಹುಡುಗಿಯರಿಗಾಗಿ ಒಂದು ಧಾಮವನ್ನು ನಡೆಸುವಂತೆ ಮಾತೆಯವರನ್ನು ಕೇಳಿತು. ಹೋದರೆ ಸಿರಾಕ್ಯೂಸ್‌ನ ಆಸೆ ಬಿಟ್ಟಂತೆಯೇ ಎಂಬುದು ಅವರಿಗೆ ತಿಳಿದಿತ್ತು. 1888ರ ನವೆಂಬರ್ 14ರಂದು ಇಬ್ಬರು ಭಗಿನಿಯರೊಡನೆ ಅವರು ಕಲೌಪಾಪಾದಲ್ಲಿ ಇಳಿದರು.

ಅಲ್ಲಿ 1873ರಿಂದ ಸೇವೆಯಲ್ಲಿದ್ದ ವಂದನೀಯ ದಾಮಿಯನ್ನರು ಆಗ ಅದೇ ರೋಗದಿಂದ ಕುಗ್ಗಿದ್ದರು. ಎರಡು ವರ್ಷಗಳ ಹಿಂದೆ ಅವರು ಹೊನೊಲುಲುವಿಗೆ ಬಂದಾಗ, ಅನೇಕರು ಹತ್ತಿರ ಸೇರಿಸಲು ಅಂಜಿದ್ದರೂ, ಮಾತೆ ಮರಿಯಾನ್ ಅವರನ್ನು ಆದರದಿಂದ ಬರಮಾಡಿಕೊಂಡಿದ್ದರು. ತಮ್ಮ ಆರೈಕೆಯಲ್ಲಿದ್ದ ಅನಾಥ ಬಾಲಕರನ್ನು ಈಗ ಈ ಭಗಿನಿಯರಿಗೆ ಒಪ್ಪಿಸಿ, 1889ರ ಏಪ್ರಿಲ್ 15ರಂದು ಅವರು ಪ್ರಭುವಿನಲ್ಲಿ ನಿದ್ರಿಸಿದರು.

ಇಬ್ಬರೂ ಸಂತರೇ, ಆದರೆ ದಾರಿಗಳು ಬೇರೆ. ದಾಮಿಯನ್ನರು ತಮ್ಮ ಜನರೊಡನೆ ಒಂದೇ ಪಾತ್ರೆಯಲ್ಲಿ ಉಂಡರು. ಮಾತೆ ಮರಿಯಾನ್ ಅದೇ ಜನರ ವ್ರಣಗಳನ್ನು ತೊಳೆದರು, ಬಳಿಕ ತಮ್ಮ ಕೈಗಳನ್ನೂ ತೊಳೆದರು. ಭಗಿನಿಯರೂ ಹಾಗೆಯೇ ಮಾಡಬೇಕೆಂದು ಕಟ್ಟುನಿಟ್ಟಾಗಿ ವಿಧಿಸಿದರು. ಅವರಲ್ಲೊಬ್ಬರಿಗೂ ಆ ರೋಗ ತಗಲಲಿಲ್ಲ. ಪ್ರೀತಿಗೆ ಶಿಸ್ತು ವೈರಿಯಲ್ಲ. ನಾಳೆಯೂ ಸೇವೆಮಾಡಲು ಉಳಿಯಬೇಕೆಂಬ ಪ್ರೀತಿಯೇ ಶಿಸ್ತಾಗುತ್ತದೆ.

ಆ ನಾಡಿನ ಜನ ಹೂವನ್ನು, ಹಾಡನ್ನು, ಬಣ್ಣವನ್ನು ಬಹುವಾಗಿ ಪ್ರೀತಿಸುವವರು. ಮಾತೆಯವರು ಬೋಳು ನೆಲದಲ್ಲಿ ಮರಗಳನ್ನು ನೆಟ್ಟರು, ಹೂದೋಟ ಬೆಳೆಸಿದರು. ಹುಡುಗಿಯರಿಗೆ ಒಳ್ಳೆಯ ಬಟ್ಟೆ ತರಿಸಿ ಅಂದವಾದ ಉಡುಪುಗಳನ್ನು ಹೊಲಿದುಕೊಟ್ಟರು, ಅವರಿಗೂ ಹೊಲಿಗೆ ಕಲಿಸಿದರು. ಸಾಯಲಿರುವವರಿಗೆ ಚಂದದ ಉಡುಗೆ ಏಕೆಂದು ಲೋಕ ಕೇಳೀತು. ಮುಖ ವಿಕಾರಗೊಂಡ ಹುಡುಗಿಗೂ ತಾನು ಹುಡುಗಿಯೆಂಬ ಭಾವ ಸಾಯಬಾರದು ಎಂಬುದೇ ಅದಕ್ಕೆ ಉತ್ತರ. ಆ ಕ್ರೂರ ಕಾನೂನನ್ನು ಅಳಿಸುವ ಶಕ್ತಿ ಅವರಿಗಿರಲಿಲ್ಲ; ಅದು ಕೊನೆಗೊಂಡದ್ದು 1969ರಲ್ಲಿ. ಅಷ್ಟರಲ್ಲಿ ಸುಮಾರು 8,000 ಮಂದಿ ಅಲ್ಲಿಗೆ ಗಡೀಪಾರಾಗಿದ್ದರು. ಅನ್ಯಾಯವನ್ನು ಕಿತ್ತೊಗೆಯಲು ಆಗದಿದ್ದಾಗ ಅದರೊಳಗೇ ಒಂದು ಮನೆಯನ್ನು ಕಟ್ಟುವುದು ಸಣ್ಣ ಕೆಲಸವೇ? ನಾವು ಯೋಚಿಸಬೇಕು.

30 ವರ್ಷಗಳ ಕಾಲ ಅಲ್ಲೇ ದುಡಿದು, 1918ರ ಆಗಸ್ಟ್ 9ರಂದು, 80ನೆಯ ವಯಸ್ಸಿನಲ್ಲಿ ಅವರು ದೈವಾಧೀನರಾದರು. 2005ರಲ್ಲಿ ಪುನೀತರ, 2012ರ ಅಕ್ಟೋಬರ್ 21ರಂದು ಸಂತರ ಸಾಲಿಗೆ ಧರ್ಮಸಭೆ ಅವರನ್ನು ಸೇರಿಸಿತು. ಜೀವಂತವಾಗಿ ಮರಳದಿದ್ದ ಸಿರಾಕ್ಯೂಸ್‌ಗೆ ಅವರ ಪವಿತ್ರ ಅವಶೇಷಗಳು 2005ರಲ್ಲಿ ಮರಳಿದವು. ಆದರೆ 2014ರಲ್ಲಿ ಪುನಃ ಹವಾಯಿಗೇ ಬಂದು, ಹೊನೊಲುಲುವಿನ ಪ್ರಧಾನಾಲಯದಲ್ಲಿ ನೆಲೆಗೊಂಡವು. ಆ ಜನರೇ ಅವರ ಮನೆಯವರು.

ದೂರದೇಶದಲ್ಲಿರುವ ನಮ್ಮ ಮಕ್ಕಳೆಲ್ಲರೂ ಮರಳದೆ ಉಳಿಯಬೇಕೆಂದು ಇದರ ಅರ್ಥವಲ್ಲ. ಮನೆಯ ಹೊಣೆಗಾಗಿ ತಾವೇ ವರ್ಷಗಟ್ಟಲೆ ಕಾದ ಮಾತೆ ಮರಿಯಾನ್ ಅದನ್ನು ಬಯಸಲಾರರು. ಇರುವಷ್ಟು ದಿನ ಅಲ್ಲಿನ ರೋಗಿಯು ಅವರಿಗೆ ಅಪರಿಚಿತನಾಗಿ ಉಳಿಯದಿರಲಿ. ಇಂದು ರಾತ್ರಿಯ ಜಪಸರದಲ್ಲಿ ನಮ್ಮ ಮಕ್ಕಳನ್ನು ನೆನೆಯುವಾಗ, ಅವರ ಕೈಗಳಿಂದ ಆರೈಕೆ ಪಡೆಯುತ್ತಿರುವ, ನಾವು ಹೆಸರರಿಯದ ಆ ರೋಗಿಗಳನ್ನೂ ನೆನೆಯೋಣ.