ಮಕ್ಕಳ ಮನಸ್ಸನ್ನು ಗೆದ್ದ ಸಂತ ಜಾನ್ ಬೋಸ್ಕೊ

ಇಟಲಿಯ ಬೆಕ್ಕಿ ಎಂಬ ಕುಗ್ರಾಮದ ಬಡ ರೈತ ಕುಟುಂಬದಲ್ಲಿ 1815ರ ಆಗಸ್ಟ್ 16ರಂದು ಸಂತ ಜಾನ್ ಬೋಸ್ಕೊರವರು ಜನಿಸಿದರು. ಎರಡು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡ ಅವರನ್ನು ದೈವಭಕ್ತೆಯಾದ ತಾಯಿ ಮಾರ್ಗರೀಟ ಬೆಳೆಸಿದರು. ಒಂಬತ್ತರ ಪ್ರಾಯದಲ್ಲಿ ಅವರು ಒಂದು ಕನಸು ಕಂಡರು. ದೇವದೂಷಣೆ ಮಾಡುತ್ತಿದ್ದ ಹುಡುಗರ ಮೇಲೆ ಮುಷ್ಟಿ ಬಿಗಿದು ಎರಗಿದಾಗ, ತೇಜಸ್ವಿ ಪುರುಷನೊಬ್ಬನು ತಡೆದು, ಇವರನ್ನು ಹೊಡೆತದಿಂದಲ್ಲ, ಸೌಮ್ಯತೆಯಿಂದ ಗೆಲ್ಲಬೇಕೆಂದು ತಿಳಿಸಿದನು. ಅವರ ಇಡೀ ಬಾಳು ಆ ಕನಸಿನ ವ್ಯಾಖ್ಯಾನವೇ ಆಯಿತು.

1841ರಲ್ಲಿ ಗುರುದೀಕ್ಷೆ ಪಡೆದ ಅವರು ತೂರಿನ್ ನಗರದ ದಿಕ್ಕಿಲ್ಲದ ಹುಡುಗರನ್ನು ಒಟ್ಟುಗೂಡಿಸಿದರು. 1846ರಲ್ಲಿ ವಾಲ್ದೊಕ್ಕೊದ ಸಣ್ಣ ಕೊಟ್ಟಿಗೆಯೊಂದು ಅವರಿಗೆ ನೆಲೆಯಾಯಿತು. ತಾಯಿ ಮಾರ್ಗರೀಟ ಅಲ್ಲಿಗೆ ಬಂದು ಆ ಅನಾಥರಿಗೂ ತಾಯಿಯಾದರು.

1857ರಲ್ಲಿ ಕಾರ್ಮಞೋಲ ರೈಲು ನಿಲ್ದಾಣದಲ್ಲಿ ತುಂಟರ ನಾಯಕನಾಗಿದ್ದ ಮಿಕೇಲ್ ಮಗೋನೆ ಎಂಬ ತಂದೆಯಿಲ್ಲದ ಬಾಲಕನು ಅವರ ಕಣ್ಣಿಗೆ ಬಿದ್ದನು. ವಾಲ್ದೊಕ್ಕೊಗೆ ಬಂದ ಕೆಲಕಾಲದಲ್ಲೇ ಅವನು ಆಟ ತೊರೆದು, ಒಂಟಿಯಾಗಿ ಕಣ್ಣೀರಿಡತೊಡಗಿದನು. ಡಾನ್ ಬೋಸ್ಕೊರವರು ಗದರಲಿಲ್ಲ. ಹತ್ತಿರ ಕರೆದು, ಅಳು ತೀರುವವರೆಗೆ ಕಾದು, ಕಾರಣ ಕೇಳಿದರು. ಮನಸ್ಸಾಕ್ಷಿಯೇ ಅವನನ್ನು ಬಾಧಿಸುತ್ತಿತ್ತು. ಪಾಪನಿವೇದನೆಯ ನಂತರ ಅವನ ನಗು ಮರಳಿತು. 1859ರಲ್ಲಿ ಹದಿಮೂರರ ಪ್ರಾಯದಲ್ಲೇ ತೀರಿಕೊಂಡ ಅವನ ಜೀವನಚರಿತ್ರೆಯನ್ನು 1861ರಲ್ಲಿ ಅವರೇ ಬರೆದು ಪ್ರಕಟಿಸಿದರು.

ವಿವೇಕ, ಧರ್ಮ, ವಾತ್ಸಲ್ಯ ಇವು ಮೂರು ಅವರ ಶಿಕ್ಷಣ ಪದ್ಧತಿಯ ಆಧಾರಸ್ತಂಭಗಳು. 1877ರಲ್ಲಿ ಅದನ್ನು ಅವರು ಬರವಣಿಗೆಗೆ ಇಳಿಸಿದರು. ಹೊಡೆಯುವುದು, ಕಿವಿ ಹಿಂಡುವುದು, ನೋವಾಗುವಂತೆ ಮಂಡಿಯೂರಿಸುವುದು ಸರ್ವಥಾ ಕೂಡದು. ತಿದ್ದುವುದಾದರೆ ಸಾಧ್ಯವಾದಷ್ಟು ಏಕಾಂತದಲ್ಲಿ, ತಾಳ್ಮೆಯಿಂದ ತಿದ್ದಬೇಕು. ಓಡಲು, ಕುಣಿಯಲು, ಗದ್ದಲ ಮಾಡಲು ಮಕ್ಕಳಿಗೆ ಧಾರಾಳ ಅವಕಾಶವಿರಬೇಕು. ಇದು ಅವರ ಬೋಧನೆ.

1859ರಲ್ಲಿ ಸಲೇಸಿಯನ್ ಸಭೆಯನ್ನು ಸ್ಥಾಪಿಸಿದ ಅವರು 1888ರ ಜನವರಿ 31ರಂದು ದೈವಾಧೀನರಾದರು. ಜಗದ್ಗುರು 11ನೇ ಪಯಸ್‌ರವರು 1934ರಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಬೆಂಗಳೂರಿನ ಬೀದಿಮಕ್ಕಳಿಗಾಗಿ 1980ರಲ್ಲಿ ಆರಂಭವಾದ ಬೆಂಗಳೂರು ಓಣಿಯವರ ಸೇವಾ ಕೂಟ ಅವರ ಮಕ್ಕಳದೇ ಸೇವೆ.

ಪ್ರಿಯ ಕೋಣಂದೂರಿನ ಬಂಧುಗಳೇ, ಒಮ್ಮೆ ಜ್ಞಾನೋಪದೇಶದ ತರಗತಿಯಲ್ಲಿ ಬಾಲಕನೊಬ್ಬನನ್ನು ನಾನು ಎಲ್ಲರೆದುರು ಸಿಟ್ಟಿನಿಂದ ಗದರಿದೆ. ಮುಂದಿನ ಭಾನುವಾರ ಅವನು ಬರಲಿಲ್ಲ. ಅವನ ಮನೆಗೆ ನಾನೇ ಹೋಗಿ ಕರೆತರಬೇಕಾಯಿತು. ತೋಟದ ದುಡಿಮೆಯಿಂದ ದಣಿದು ಬರುವ ನಿಮಗೂ ಮಗುವಿನ ಹಠ ಸಹನೆಯ ಪರೀಕ್ಷೆಯೇ ಸರಿ. ಆ ಗಳಿಗೆಯಲ್ಲಿ ಎತ್ತಿದ ಕೈಯನ್ನು ಇಳಿಸಿ, ಮೊದಲು ನಮ್ಮ ಕೋಪವನ್ನು ಶಮನಗೊಳಿಸೋಣ. ಮಗು ತಾನಾಗಿಯೇ ಶಾಂತವಾಗುವ ಹಾದಿ ಅಲ್ಲಿಂದ ತೆರೆಯುತ್ತದೆ. ಶತಮಾನ ಕಂಡ ನಮ್ಮ ದೇವಾಲಯದ ಮುಂದಿನ ನೂರು ವರ್ಷಗಳು ಆ ಮಕ್ಕಳ ಕೈಯಲ್ಲಿವೆ.