ಬೆಂಗಳೂರು ನಾಗರತ್ನಮ್ಮ: ಮೊದಲು ಅಕ್ಷರ, ಆಮೇಲೆ ಸಂಗೀತ

ತಾಳವಾಡಿ, ಚಾಮರಾಜನಗರದ ಕಡೆಯವರಾದ ನಮಗೆ ನಂಜನಗೂಡು ಜಾತ್ರೆಗೆ ಹೋಗಿಬರುವ ಊರು. 1878ರಲ್ಲಿ ಅಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳ ಸಮಾಧಿ ಇಂದು ತಮಿಳುನಾಡಿನ ತಿರುವೈಯಾರಿನಲ್ಲಿ, ಕಾವೇರಿ ದಡದಲ್ಲಿ, ತ್ಯಾಗರಾಜಸ್ವಾಮಿಗಳ ಸಮಾಧಿಗೆ ಎದುರಾಗಿ ಇದೆ. ಬೆಂಗಳೂರು ನಾಗರತ್ನಮ್ಮನವರ ಹೆಸರನ್ನು ನೀವು ಕೇಳಿರುತ್ತೀರಿ. ದೊಡ್ಡ ಗಾಯಕಿ ಎಂಬುದೂ ಗೊತ್ತಿರಬಹುದು. ಅವರು ಎಂಥ ಓದುಗರಾಗಿದ್ದರು ಎಂಬುದನ್ನು ಮಾತ್ರ ನಾವು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ.

ತಾಯಿ ಪುಟ್ಟಲಕ್ಷ್ಮಮ್ಮ ದೇವದಾಸಿ ಮನೆತನದವರು. ತಂದೆ ವಕೀಲರು, ಅವರು ಕೈಬಿಟ್ಟ ಮೇಲೆ ತಾಯಿ ಮಗುವನ್ನು ಕಟ್ಟಿಕೊಂಡು ಮೈಸೂರಿನ ಒಬ್ಬ ವಿದ್ವಾಂಸರ ಆಸರೆಗೆ ಬಂದರು. ಅವರ ಬಳಿ ಹುಡುಗಿಗೆ ಸಂಸ್ಕೃತ ಪಾಠ, ಸಂಗೀತ ಪಾಠ ಎರಡೂ ಶುರುವಾದವು. ಹುಡುಗಿ ಬಲು ಚುರುಕು. ಆದರೆ ಇಂಥ ಮನೆಯ ಹೆಣ್ಣಿಗೆ ಸಂಸ್ಕೃತವೇ ಎಂದು ಊರಿನವರು ಮೂಗು ಮುರಿದರು, ಗುರುಗಳ ಮನಸ್ಸೂ ಕದಡಿತು. ಈ ಹುಡುಗಿ ಸಗಣಿ ಬಾಚಲಿಕ್ಕೇ ಲಾಯಕ್ಕು ಎಂಬ ಅರ್ಥದ ಮಾತು ಬಂತೆಂದೂ, ಮಗಳು ವಿದ್ವಾಂಸಳಾಗುವ ತನಕ ಮೈಸೂರಿಗೆ ಕಾಲಿಡುವುದಿಲ್ಲವೆಂದು ತಾಯಿ ಹೊರಟುಬಿಟ್ಟರೆಂದೂ ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಪಾಠ ಹೇಳುವವರು ಮಗುವನ್ನು ನೋಡದೆ ಮನೆತನವನ್ನು ನೋಡಿದರೆ ಹೀಗೇ ಆಗುವುದು.

ಊರೂರು ತಿರುಗಿ ಕೊನೆಗೆ ತಾಯಿ ಮಗಳು ಬೆಂಗಳೂರಿನಲ್ಲಿ ನಿಂತರು. ಅಲ್ಲಿ ಸಿಕ್ಕ ಗುರು ಮುನಿಸ್ವಾಮಪ್ಪನವರು ತ್ಯಾಗರಾಜರ ಶಿಷ್ಯಪರಂಪರೆಯವರು. ಹುಡುಗಿಯ ಮುಂದಿನ ಬದುಕಿನ ಬೀಜ ಅಲ್ಲೇ ಬಿತ್ತು. ಸುಮಾರು 14ನೆಯ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡರೂ ಕಲಿಕೆ ನಿಲ್ಲಲಿಲ್ಲ. ಮೈಸೂರಿನ ಬಿಡಾರಂ ಕೃಷ್ಣಪ್ಪನವರಲ್ಲೂ ಪಾಠವಾಯಿತು. ಕನ್ನಡ, ಸಂಸ್ಕೃತ, ತೆಲುಗು ಮೂರರಲ್ಲೂ ಹಿಡಿತ ಬಂತು. ಮುಂದೆ ಮದರಾಸಿಗೆ ಹೋಗಿ ನೆಲೆಸಿ, ಕಚೇರಿಗಳಿಂದ ದೊಡ್ಡ ಹೆಸರನ್ನೂ ಹಣವನ್ನೂ ಗಳಿಸಿದರು. ಉಳಿದ ಆಯುಸ್ಸೆಲ್ಲ ತಮಿಳು ಸೀಮೆಯಲ್ಲೇ ಕಳೆದರೂ ಹೆಸರಿನ ಹಿಂದಿನ ಬೆಂಗಳೂರು ಹೋಗಲಿಲ್ಲ; ಗಡಿಯಾಚೆ ಇರುವ ನಮಗೆ ಇದರ ಸವಿ ಗೊತ್ತು.

ಈಗ ಅವರ ಓದಿನ ವಿಷಯಕ್ಕೆ ಬರುತ್ತೇನೆ. ತೆಲುಗು ಗ್ರಂಥವೊಂದನ್ನು ಓದುವಾಗ ಅವರಿಗೆ ‘ರಾಧಿಕಾ ಸಾಂತ್ವನಮು’ ಎಂಬ ಕಾವ್ಯದ ಪ್ರಸ್ತಾಪ ಸಿಕ್ಕಿತು. 18ನೆಯ ಶತಮಾನದಲ್ಲಿ ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಗಣಿಕೆ ಬರೆದದ್ದು. ಅಚ್ಚಾಗಿದ್ದ ಪ್ರತಿಯನ್ನು ಹುಡುಕಿ ತಂದು ನೋಡಿದರೆ ಅದು ಅರೆಬರೆ. ಕವಯಿತ್ರಿ ತನ್ನ ವಂಶವನ್ನು ಹೇಳಿಕೊಂಡ ಭಾಗವೇ ಇರಲಿಲ್ಲ. ಅವರು ಸುಮ್ಮನಾಗದೆ ಹಸ್ತಪ್ರತಿ ಸಂಪಾದಿಸಿ, ಎರಡನ್ನೂ ಹೋಲಿಸಿ ತಿದ್ದಿ, 1910ರಲ್ಲಿ ಪೂರ್ಣ ಕಾವ್ಯವನ್ನು ಪ್ರಕಟಿಸಿದರು. ಕಾಲೇಜಿನ ಮೆಟ್ಟಿಲು ಹತ್ತದ ಗಾಯಕಿ ಮಾಡಿದ ಗ್ರಂಥಸಂಪಾದನೆ ಇದು ಎಂಬುದನ್ನು ನೆನಪಿಡಿ. ತೆಲುಗಿನ ಮಹಾಲೇಖಕ ಕಂದುಕೂರಿ ವೀರೇಶಲಿಂಗಂ ಈ ಕಾವ್ಯವನ್ನು, ಹೆಂಗಸು ಬರೆಯಬಾರದ್ದನ್ನು ಬರೆದಳೆಂದು ಹಳಿದಿದ್ದರು. ನಾಚಿಕೆ ಎಂಬುದು ಹೆಂಗಸರಿಗೆ ಮಾತ್ರ ಇರಬೇಕಾದದ್ದೇ, ಗಂಡಸರು ಬರೆದ ಶೃಂಗಾರಕ್ಕೆ ಅದು ಅಡ್ಡಬರುವುದಿಲ್ಲವೇ ಎಂದು ನಾಗರತ್ನಮ್ಮ ತಿರುಗಿ ಕೇಳಿದರು. ಬ್ರಿಟಿಷ್ ಸರ್ಕಾರ ಪುಸ್ತಕವನ್ನು ಅಶ್ಲೀಲವೆಂದು ನಿಷೇಧಿಸಿತು.

ದೇವದಾಸಿ ಪದ್ಧತಿಯನ್ನು ನಿಲ್ಲಿಸಲು ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೊರಟಾಗ ನಾಗರತ್ನಮ್ಮ ಎದುರು ನಿಂತರು. ನನ್ನ ಮಟ್ಟಿಗೆ ಆ ಕಾನೂನು ಬೇಕಿತ್ತು. ಆದರೆ ಅದರ ಜೊತೆಗೆ ಆ ಮನೆಗಳ ವಿದ್ಯೆಗೂ ಮರ್ಯಾದೆ ಹೋಗುತ್ತದೆ ಎಂಬ ಅವರ ಅಳಲೂ ಸುಳ್ಳಲ್ಲ.

1921ರಲ್ಲಿ ಬಿಡಾರಂ ಕೃಷ್ಣಪ್ಪನವರಿಂದ ಒಂದು ಕಾಗದ ಬಂತು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಪಾಳುಬಿದ್ದಿದೆ ಎಂಬುದು ಅದರ ಸಾರಾಂಶ. ನಾಗರತ್ನಮ್ಮ ಅಲ್ಲಿಗೆ ಹೋಗಿ ಜಾಗ ಕೊಂಡರು, ತಮ್ಮ ಹಣ ಸುರಿದು ಗುಡಿ ಕಟ್ಟಿಸಿದರು. 1925ರ ಜನವರಿಯಲ್ಲಿ ಕುಂಭಾಭಿಷೇಕವಾಯಿತು. ಆರಾಧನೆಯನ್ನು ಮಾತ್ರ ಪೆರಿಯ ಕಟ್ಚಿ, ಚಿನ್ನ ಕಟ್ಚಿ ಎಂಬ ಎರಡು ಪಂಗಡಗಳು ಬೇರೆಬೇರೆಯಾಗಿ ನಡೆಸುತ್ತಿದ್ದವು. ತಮಿಳು ಓದಿದ ನಿಮಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅವರಿಬ್ಬರಿಗೂ ಎಲ್ಲದರಲ್ಲೂ ಜಗಳ, ಹೆಂಗಸರು ಅಲ್ಲಿ ಹಾಡಕೂಡದು ಎಂಬುದರಲ್ಲಿ ಮಾತ್ರ ಒಮ್ಮತ. ಗುಡಿ ಕಟ್ಟಿಸಿದವರಿಗೇ ಗುಡಿಯ ಮುಂದೆ ಹಾಡುವ ಹಕ್ಕಿಲ್ಲ! ಅವರು ಅಳುತ್ತಾ ಕೂರಲಿಲ್ಲ. ಹೆಂಗಸರನ್ನು ಸೇರಿಸಿ ಪೆಣ್‌ಗಳ್ ಕಟ್ಚಿ ಎಂಬ ಮೂರನೆಯ ಪಂಗಡ ಕಟ್ಟಿ, ಗುಡಿಯ ಹಿಂಭಾಗದಲ್ಲಿ ಹಾಡಿಸತೊಡಗಿದರು. ವರ್ಷದಿಂದ ವರ್ಷಕ್ಕೆ ಅಲ್ಲಿ ಜನ ಸೇರಿದರು. 1940ರ ಸುಮಾರಿಗೆ ಮೂರೂ ಪಂಗಡಗಳು ಒಂದಾದವು, ಹೆಂಗಸರೂ ಮುಂದೆ ಬಂದು ಹಾಡಿದರು. ಈಗ ಪ್ರತಿ ವರ್ಷ ಪುಷ್ಯ ಬಹುಳ ಪಂಚಮಿಯಂದು ಗಂಡಸರೂ ಹೆಂಗಸರೂ ಒಟ್ಟಿಗೆ ಕೂತು ಪಂಚರತ್ನ ಕೃತಿಗಳನ್ನು ಹಾಡುವುದನ್ನು ನೀವು ಟಿವಿಯಲ್ಲಿ ನೋಡುತ್ತೀರಲ್ಲ, ಅದರ ಹಿಂದೆ ಇಷ್ಟು ಕಥೆ ಇದೆ.

ಕೊನೆಗಾಲದಲ್ಲಿ ಅವರು ತಿರುವೈಯಾರಿನಲ್ಲೇ ಉಳಿದುಬಿಟ್ಟರು. 1949ರಲ್ಲಿ ಉಯಿಲು ಬರೆಸಿ ಆಸ್ತಿಯನ್ನು ಸಮಾಧಿಯ ಸೇವೆಗೆ ಬಿಟ್ಟರು. ಹೆಂಗಸರಿಗೆ ಅಲ್ಲಿ ಹಾಡುವ ಹಕ್ಕು ಇರಬೇಕೆಂಬ ಮಾತನ್ನು ಅದರಲ್ಲಿ ಸೇರಿಸಲು ಮರೆಯಲಿಲ್ಲ. 1952ರ ಮೇ 19ರಂದು ತೀರಿಕೊಂಡರು. ಅಷ್ಟರಲ್ಲಿ ಟಂಗುಟೂರಿ ಪ್ರಕಾಶಂ ಅವರ ಪ್ರಯತ್ನದಿಂದ ಮುದ್ದುಪಳನಿಯ ಕಾವ್ಯದ ಮೇಲಿನ ನಿಷೇಧ ಹೋಗಿತ್ತು. ಅದೇ 1952ರಲ್ಲಿ ಪುಸ್ತಕ ಮತ್ತೆ ಅಚ್ಚಾಯಿತು.